ಗಾಳಕ್ಕಿಂತ ಮೊದಲು ಐಸ್

ಎಲ್ಲರಿಗೂ ನಮಸ್ಕಾರ. ಮಳೆ ನಿಂತಿದೆ, ಅಳಿವೆಯ ನೀರು ತಿಳಿಯಾಗುತ್ತಿದೆ. ಇಲ್ಲಿ ಕೂತ ಅರ್ಧ ಜನರ ಕಯಾಕ್, ಅಂದರೆ ಹುಟ್ಟು ಹಾಕುವ ಪುಟ್ಟ ದೋಣಿ, ಆಗಲೇ ಕಾರಿನ ತಲೆ ಮೇಲೆ ಏರಿರಬೇಕು. ಯಾವ ಮೀನಿಗೆ ಯಾವ ಗಾಳ ಅಂತ ಮಾತಾಡಿ ಎಂದು ನನಗೆ ಹೇಳಿದ್ದರು. ಅದಕ್ಕೆ ನನಗಿಂತ ಜಾಣರು ಮೊದಲ ಸಾಲಿನಲ್ಲೇ ಇದ್ದಾರೆ. ನಾನು ಹೇಳಲು ಬಂದದ್ದು ಮೀನು ಗಾಳದಿಂದ ಬಿಡಿಸಿದ ಮೇಲಿನ ಮಾತು. ಅಲ್ಲಿ ನಾವೆಲ್ಲ ಕಳ್ಳರು. ಹಿಡಿಯುವವರೆಗೆ ಇರುವ ಶ್ರದ್ಧೆ ಹಿಡಿದ ಮೇಲೆ ಇರುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಕೆಲವರು ಕೇಳಿದ್ದೀರಿ, ಇನ್ನೊಮ್ಮೆ ಕೇಳಿ.

ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ. ಅವರಿಗೆ ಮೀನು ಅಂದ್ರೆ ಪ್ರಾಣ. ಮಾರ್ಕೆಟ್ ಮೀನು ಯಾಕೆ, ನಾನೇ ಹಿಡಿದು ತರುತ್ತೇನೆ ಅಂತ ಬೆಳಗ್ಗೆ ಆರಕ್ಕೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಿಂದ ಕಯಾಕ್ ಇಳಿಸಿದೆ. ಏಳೂವರೆಗೆಲ್ಲ ಬಂಗುಡೆ ಹಿಂಡು ಸಿಕ್ಕಿತು. ಒಂದೊಂದು ಎಸೆತಕ್ಕೆ ಮೂರು ಮೂರು. ಸೀಟಿನ ಹಿಂದೆ ನೀಲಿ ಬಕೆಟ್ ಇತ್ತು, ಅದಕ್ಕೆ ಸಮುದ್ರದ ನೀರು ತುಂಬಿಸಿ ಹಾಕುತ್ತಾ ಹೋದೆ. ಮೂವತ್ತಾರು ಬಂಗುಡೆ. ಆಗ ವಾಪಸ್ ಬರಬೇಕಿತ್ತು. ಅಂಜಲ್ ಒಂದು ಸಿಕ್ಕರೆ ಬೀಗರ ಮುಂದೆ ಮರ್ಯಾದೆ ಜಾಸ್ತಿ ಅಲ್ವಾ? ಹನ್ನೊಂದೂವರೆ ತನಕ ಸುತ್ತಿದೆ. ಅಂಜಲ್ ಸಿಗಲಿಲ್ಲ.

ಮನೆಗೆ ಬಂದಾಗ ಹೆಂಡತಿ ಕಿವಿರು ಎತ್ತಿ ನೋಡಿದಳು, ಮೂಸಿದಳು. ವಾಸನೆ ಇಲ್ಲ. ಹುಳಿ, ಖಾರದ ಪುಳಿಮುಂಚಿ ಸಾರು ಆಯಿತು. ಬೀಗರಾಗಬೇಕಿದ್ದವರು ನಾಲ್ಕು ಬಂಗುಡೆ ಹಾಕಿಸಿಕೊಂಡರು. ಕೈ ತೊಳೆದು ಅರ್ಧ ಗಂಟೆ ಆಗಿಲ್ಲ, ಅವರ ಮುಖ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು. ಕುತ್ತಿಗೆ ಕೆರೆಯತೊಡಗಿದರು. ತಲೆ ಸಿಡಿಯುತ್ತಿದೆ ಅಂದರು. ಅವರ ಹೆಂಡತಿ ನನ್ನ ಹೆಂಡತಿಯನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ವಿಷ ಹಾಕಿದ್ದೀರಾ ಅಂತ ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

ಡಾಕ್ಟರು ಮೊದಲು ಮೀನಿನ ಅಲರ್ಜಿ ಇದೆಯಾ ಅಂತ ಕೇಳಿದರು. ಹುಟ್ಟಿದಾಗಿನಿಂದ ಮೀನು ತಿಂದವನು ನಾನು ಅಂತ ಬೀಗರಿಗೆ ಸಿಟ್ಟೇ ಬಂತು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, "ಮೀನು ಹಿಡಿದದ್ದು ಎಷ್ಟು ಹೊತ್ತಿಗೆ? ಐಸ್ ಹಾಕಿದ್ರಾ?" ಎಂದರು. ನಾನು ನೆಲ ನೋಡಿದೆ.

ಅದು ಅಲರ್ಜಿ ಅಲ್ಲ, ಹಿಸ್ಟಮಿನ್ ಅನ್ನುವ ರಾಸಾಯನಿಕದ ಕೆಲಸ. ಬಂಗುಡೆ, ಬೂತಾಯಿ, ಕೇದರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ ಧಾರಾಳ ಇರುತ್ತದೆ. ಮೀನು ಸತ್ತ ಮೇಲೆ ಕಿವಿರು, ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ನಮ್ಮ ಸಮುದ್ರದ ನೀರು 28, 29 ಡಿಗ್ರಿ. ಬಿಸಿಲಲ್ಲಿಟ್ಟ ಬಕೆಟ್ ಇನ್ನೂ ಬಿಸಿ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆ ಛತ್ರ ಬೇಕಾ? ಕೆಟ್ಟ ಸಂಗತಿ ಏನೆಂದರೆ, ಮೀನು ನಾರುವ ಮೊದಲೇ ಹಿಸ್ಟಮಿನ್ ತಯಾರಾಗಿರಬಹುದು. ಇನ್ನೂ ಕೆಟ್ಟದ್ದು, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಹುಣಸೆ ಹುಳಿ, ಮೆಣಸು, ಶುಂಠಿ ಯಾವುದೂ ಅದರ ಕೂದಲು ಕೊಂಕಿಸುವುದಿಲ್ಲ. ಆಮೇಲೆ ಫ್ರಿಜ್ಜಿಗೆ ಹಾಕಿದರೂ ಆದದ್ದು ಆಯಿತು. ತಡೆಯುವ ಜಾಗ ಒಂದೇ, ಕಯಾಕ್.

ಅದಕ್ಕೇ ಹೇಳುವುದು, ಗಾಳಕ್ಕಿಂತ ಮೊದಲು ಐಸ್. ಐಸ್ ಇಲ್ಲವಾ, ಸುಮ್ನೆ ಹುಟ್ಟು ಹಾಕಿ, ಹಕ್ಕಿ ನೋಡಿ, ಬನ್ನಿ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಒಬ್ಬರು, "ನಮ್ಮ ಅಜ್ಜನ ಕಾಲದಲ್ಲಿ ಐಸ್ ಇತ್ತಾ?" ಅಂತ ಕೇಳೇ ಕೇಳುತ್ತಾರೆ. ನೋಡಿ, ಅಲ್ಲಿ ಹಿಂದೆ ಒಬ್ಬರು ಕೈ ಎತ್ತಿ ಇಳಿಸಿದರು. ಇರಲಿಲ್ಲ ಸ್ವಾಮಿ. ಅಜ್ಜ ಪಾತಿ ದೋಣಿಯಲ್ಲಿ ಹೋಗಿ ಬಲೆ ಎಳೆದು ಸೀದಾ ದಡಕ್ಕೆ ಬರುತ್ತಿದ್ದ. ಅಜ್ಜಿ ಬುಟ್ಟಿ ಹೊತ್ತು ಓಡುತ್ತಿದ್ದಳು. ಅವಳ ಓಟವೇ ಐಸ್. ದಡಕ್ಕೆ ಎಳೆಯುವ ರಂಪಣಿ ಬಲೆಗೆ ರಾಶಿ ಬಿದ್ದ ದಿನ ಉಪ್ಪು ಹಾಕುತ್ತಿದ್ದರು, ಅದಕ್ಕೂ ಮಿಕ್ಕಿದ್ದು ತೆಂಗಿನ ಬುಡಕ್ಕೆ. ಬೆಳಗ್ಗೆ ಏಳಕ್ಕೆ ಹಿಡಿದು ಬಿಸಿಲಲ್ಲಿ ಐದು ಗಂಟೆ ಕೂತು ಸೆಲ್ಫಿ ತೆಗೆಯುವ ಅಭ್ಯಾಸ ಅಜ್ಜನಿಗೆ ಇರಲಿಲ್ಲ.

ಇನ್ನು ಲೆಕ್ಕ. ಒಂದು ಕಿಲೋ ಐಸ್ ಕರಗುವಾಗ ಸುಮಾರು 80 ಕಿಲೋ ಕ್ಯಾಲರಿ ಶಾಖ ನುಂಗುತ್ತದೆ. ಐದು ಕಿಲೋ ಮೀನನ್ನು 29 ಡಿಗ್ರಿಯಿಂದ ಸೊನ್ನೆಗೆ ಇಳಿಸಲು 125ರ ಹತ್ತಿರ ಬೇಕು. ಅಂದರೆ ಒಂದೂವರೆ ಕಿಲೋ ಐಸ್ ಸಾಕು. ಕಾಗದದ ಮೇಲೆ. ಬಿಸಿಲು, ಐಸ್ ಒಯ್ಯುವ ಬ್ಯಾಗಿನ ಬಿಸಿ, ನೀವು ಹತ್ತು ಸಲ ಜಿಪ್ ತೆಗೆದು ಮೀನು ನೋಡುವುದು, ಇದೆಲ್ಲ ಸೇರಿದರೆ ನಾನು ಮೀನಿನ ತೂಕದಷ್ಟೇ ಐಸ್ ಒಯ್ಯುತ್ತೇನೆ. ಐದು ಕಿಲೋ ಮೀನಿನ ಆಸೆ ಇದ್ದರೆ ಐದು ಕಿಲೋ ಐಸ್.

ಐಸ್ ಮೇಲೆ ಮೀನು ಸುಮ್ನೆ ಇಟ್ಟರೆ ಆಗುವುದಿಲ್ಲ. ತಾಗಿದ ಕಡೆ ತಣ್ಣಗೆ, ಉಳಿದ ಕಡೆ ಗಾಳಿ. ಗಾಳಿಗಿಂತ ನೀರು ಶಾಖವನ್ನು ಇಪ್ಪತ್ತು ಪಟ್ಟಿಗೂ ಜಾಸ್ತಿ ಸಾಗಿಸುತ್ತದೆ. ಆದ್ದರಿಂದ ಎರಡು ಪಾಲು ಪುಡಿ ಐಸ್‌ಗೆ ಒಂದು ಪಾಲು ಉಪ್ಪು ನೀರು ಹಾಕಿ. ಪಾಯಸದಷ್ಟು ದಪ್ಪ ಇರಲಿ. ಉಪ್ಪು ಇರುವುದರಿಂದ ಅದು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ಅಳಿವೆಯ ಕೊಳಕು ನೀರು ಬೇಡ, ಮನೆಯಿಂದ ನಲ್ಲಿ ನೀರು ಒಯ್ಯಿರಿ, ಲೀಟರಿಗೆ 35 ಗ್ರಾಂ ಉಪ್ಪು. ಅದರಲ್ಲಿ ಮುಳುಗಿಸಿದ ಬಂಗುಡೆಯನ್ನು ಅರ್ಧ ಗಂಟೆ ಬಿಟ್ಟು ಎತ್ತಿ ನೋಡಿ. ಬಾಲ ಹಿಡಿದು ಅಡ್ಡ ನಿಲ್ಲಿಸಿದರೆ ತಲೆ ಜೋಲುವುದಿಲ್ಲ. ಬೆನ್ನಿನ ಹಸಿರು ಗೆರೆ ಹಾಗೇ ಹೊಳೆಯುತ್ತದೆ, ಕಣ್ಣು ಉಬ್ಬಿಯೇ ಇರುತ್ತದೆ. ಬಕೆಟ್ಟಿನ ಬಂಗುಡೆಯ ಹೊಟ್ಟೆ ಒತ್ತಿದರೆ ಬೆರಳಿನ ಗುರುತು ಉಳಿಯುತ್ತದೆ. ನನ್ನ ಮೂವತ್ತಾರರಲ್ಲಿ ಅದನ್ನು ನಾನು ಒತ್ತಿ ನೋಡಲೇ ಇಲ್ಲ.

ಐಸ್ ಕರಗುತ್ತದೆ ಅನ್ನುವವರಿಗೆ ಒಂದು ಮಾತು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬೋಸ್ಟನ್‌ನಿಂದ ಕಲ್ಕತ್ತಾಕ್ಕೆ ಟಸ್ಕನಿ ಅನ್ನುವ ಹಡಗಿನಲ್ಲಿ 180 ಟನ್ ಐಸ್ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಭೂಮಧ್ಯರೇಖೆ ಎರಡು ಸಲ ದಾಟಬೇಕು. ಫ್ರಿಜ್ ಇಲ್ಲ, ಥರ್ಮಕೋಲ್ ಇಲ್ಲ. ಸುಮಾರು 100 ಟನ್ ಗಟ್ಟಿಯಾಗಿಯೇ ಬಂದು ಮುಟ್ಟಿತು. ನಮ್ಮವರದ್ದು ಮಲ್ಪೆ ಬಂದರಿನಿಂದ ಬೆಂಗ್ರೆಗೆ ಬರುವಷ್ಟರಲ್ಲಿ ನೀರು! ಟ್ಯೂಡರನ ಗುಟ್ಟು ಏನು? ದೊಡ್ಡ ದೊಡ್ಡ ಗಡ್ಡೆ, ಸಂದಿ ಇಲ್ಲದ ಹಾಗೆ ಜೋಡಿಸುವುದು, ಸುತ್ತ ಮರದ ಹೊಟ್ಟು. ನೀವೂ ತಳಕ್ಕೆ ಎರಡು ದೊಡ್ಡ ಗಡ್ಡೆ ಇಡಿ, ಮೇಲೆ ಪುಡಿ. ಪುಡಿ ಬೇಗ ತಣಿಸುತ್ತದೆ, ಗಡ್ಡೆ ಹೊತ್ತು ಕಾಯುತ್ತದೆ. ಬ್ಯಾಗನ್ನು ಹಿಂದಿನ ರಾತ್ರಿಯೇ ಎರಡು ಐಸ್ ಬಾಟಲಿ ಹಾಕಿ ತಣ್ಣಗೆ ಮಾಡಿ. ಬಾಟಲಿ ಮುಕ್ಕಾಲು ಮಾತ್ರ ತುಂಬಿ, ಇಲ್ಲದಿದ್ದರೆ ಫ್ರೀಜರಿನಲ್ಲೇ ಒಡೆದು ಮನೆಯಲ್ಲಿ ಬೇರೆ ಬಿಸಿ ಶುರುವಾಗುತ್ತದೆ.

ಚೀಟಿ ಬಂತು, ಐದು ನಿಮಿಷವಂತೆ. ಬೀಗರ ಕಥೆ ಉದ್ದ ಆಯಿತು.

ಬೇಗ ಹೇಳುತ್ತೇನೆ. ಮೀನನ್ನು ಹಗ್ಗಕ್ಕೆ ಪೋಣಿಸಿ ನೀರಿಗೆ ಬಿಡಬೇಡಿ, ಅದು 29 ಡಿಗ್ರಿಯ ನೀರು. ನೀರುನಾಯಿ ಬಂದರೆ ನಿಮಗೆ ತಲೆ ಮಾತ್ರ. ಕೆಂಬೇರಿಯಂಥ ದೊಡ್ಡ ಮೀನಾದರೆ ತಲೆಗೆ ಹೊಡೆದು, ಕಿವಿರು ಕತ್ತರಿಸಿ, ರಕ್ತ ಬಸಿದು ಆಮೇಲೆ ಐಸಿಗೆ ಹಾಕಿ. ಮೀನಿನ ಮೇಲೆ ಒದ್ದೆ ಗೋಣಿ ಹೊದೆಸುವುದು ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ನಮ್ಮ ಕರಾವಳಿಯ ಸೆಕೆಗೆ ನೀರು ಬೇಗ ಆರುವುದಿಲ್ಲ, ಹಾಗಾಗಿ ತಂಪೂ ಕಮ್ಮಿ.

ತೂಕದ ಮಾತು ಮುಖ್ಯ. ಐಸ್, ನೀರು, ಮೀನು ಸೇರಿ ಹನ್ನೆರಡು ಕಿಲೋ ಆದೀತು. ಸೀಟಿನ ಹಿಂದೆಯೇ, ನಡುಮಧ್ಯದಲ್ಲೇ ಬಿಗಿದು ಕಟ್ಟಿ. ಅರ್ಧ ತುಂಬಿದ ಬ್ಯಾಗಿನಲ್ಲಿ ನೀರು ಆ ಕಡೆ ಈ ಕಡೆ ಓಲಾಡಿದರೆ ಅಳಿವೆ ಬಾಯಿಯ ಅಲೆಗೆ ಕಯಾಕ್ ಮಗುಚುತ್ತದೆ. ನನ್ನದು ಮಗುಚಿದೆ. ಆ ಕಥೆ ಬೇಡ, ಚೀಟಿ ಕೊಟ್ಟವರು ಎದ್ದು ನಿಂತಿದ್ದಾರೆ.

ಮದುವೆ ಆಯಿತಾ ಅಂತ ಯಾರೋ ಕೇಳಿದರು. ಆಯಿತು. ಈಗಲೂ ನಮ್ಮ ಮನೆಗೆ ಬಂದರೆ ಬೀಗರು ಚಪ್ಪಲಿ ಬಿಡುವ ಮೊದಲೇ "ಐಸ್ ಹಾಕಿದ್ರಾ?" ಅನ್ನುತ್ತಾರೆ.

ಬಾಗಿಲ ಹತ್ತಿರ ನನ್ನ ಬ್ಯಾಗ್ ಇದೆ. ಬೆಳಗ್ಗೆ ಆರಕ್ಕೆ ಐಸ್ ತುಂಬಿದ್ದು. ಹೋಗುವಾಗ ಕೈ ಮುಳುಗಿಸಿ ನೋಡಿ, ಮೂವತ್ತು ಎಣಿಸುವಷ್ಟರಲ್ಲಿ ಮೂಳೆ ನೋಯುತ್ತದೆ. ಒಳಗಿರುವ ಬಂಗುಡೆಗಳನ್ನು ಎಣಿಸಿ ಇಟ್ಟಿದ್ದೇನೆ.