ಪುನರ್ಪುಳಿ ಬಣ್ಣದ ಕಡಲು

ಕೇಳುಗರಿಗೆ ನಮಸ್ಕಾರ. ನಿಮಗೆ ತೋರಿಸಲಾಗದ ಒಂದು ಚಿತ್ರದ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ.

1943ರಲ್ಲಿ ಅಮೆರಿಕದ ಎಡ್ವಿನ್ ಲ್ಯಾಂಡ್ ತಮ್ಮ ಪುಟ್ಟ ಮಗಳ ಫೋಟೊ ತೆಗೆದಾಗ, ಅದನ್ನು ಈಗಲೇ ಏಕೆ ನೋಡಲಾಗದು ಎಂದು ಅವಳು ಕೇಳಿದಳಂತೆ. ಐದು ವರ್ಷಗಳ ಬಳಿಕ, ತೆಗೆದ ಚಿತ್ರವನ್ನು ಅಲ್ಲೇ ಹಾಳೆಯ ಮೇಲೆ ಮೂಡಿಸಿ ಕೊಡುವ ಅವರ ಪೋಲರಾಯ್ಡ್ ಕ್ಯಾಮೆರಾ ಅಂಗಡಿಗೆ ಬಂತು. ನನ್ನ ಬಳಿ ಇರುವುದು ಅದರ ಇಂದಿನ ಮೊಮ್ಮಗು. ಒಂದು ಪೆಟ್ಟಿಗೆಗೆ ಎಂಟೇ ಹಾಳೆ. ಒಂದು ಹಾಳೆ ಕೆಟ್ಟರೆ ಇಬ್ಬರ ಊಟದ ದುಡ್ಡು ಹೋಯಿತು.

ಹಾಳೆಯ ಕೆಳಗಿನ ದಪ್ಪ ಬಿಳಿ ಅಂಚಿನಲ್ಲಿ ರಾಸಾಯನಿಕದ ಲೇಪ ಅಡಗಿರುತ್ತದೆ. ಹಾಳೆ ಹೊರಬರುವಾಗ ಎರಡು ಉರುಳೆಗಳು ಅದನ್ನು ಹಿಂಡಿ, ದೋಸೆ ಹಿಟ್ಟಿನಂತೆ ತೆಳ್ಳಗೆ ಹರಡುತ್ತವೆ. ಅದಕ್ಕೆ ಹಿತವಾದ ಉಷ್ಣತೆ 13ರಿಂದ 28 ಡಿಗ್ರಿ. ನಮ್ಮ ಕರಾವಳಿಯ ಮೇ ತಿಂಗಳಿಗೆ ಈ ಲೆಕ್ಕವನ್ನು ಯಾರು ಹೇಳಬೇಕು!

ಎರಡು ತಿಂಗಳ ಮೀನುಗಾರಿಕೆ ನಿಷೇಧಕ್ಕೆ ಮುಂಚಿನ ವಾರ, ಮಲ್ಪೆಯ ಧಕ್ಕೆಗೆ ಹೋಗಿದ್ದೆ. ಕ್ಯಾಮೆರಾವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಚಹಾ ಕುಡಿಯಲು ಕುಳಿತದ್ದು ನನ್ನದೇ ದಡ್ಡತನ. ಹಿಂದಿನ ದಿನ ಅದನ್ನು ಮರಳಿನ ಮೇಲೆ ಇಟ್ಟಿದ್ದೂ ನಾನೇ. ಮಧ್ಯಾಹ್ನ ಬಲೆ ಮಡಚುತ್ತಿದ್ದ ಕಲಾಸಿಯೊಬ್ಬರ ಚಿತ್ರ ತೆಗೆದೆ. ಹಾಳೆಯನ್ನು ಅಲುಗಿಸಿದರೆ ಬೇಗ ಮೂಡುತ್ತದೆ ಎಂಬುದು ಸುಳ್ಳು. ಬೆಳಕಿಗೆ ಬೆನ್ನು ಮಾಡಿ ಸುಮ್ಮನಿರಬೇಕು. ಮಗುಚಿ ಹಲಗೆಯ ಮೇಲಿಟ್ಟೆ. ಕಾಲು ಗಂಟೆ ಇಬ್ಬರೂ ಅದನ್ನೇ ಕಾದೆವು.

ತಿರುಗಿಸಿದರೆ, ಕಡಲು ನೀಲಿಯಲ್ಲ, ಪುನರ್ಪುಳಿ ಶರಬತ್ತು. ಬಿಸಿಲಿಗೆ ಬಣ್ಣವೆಲ್ಲ ಕೆಂಪಿನತ್ತ ಜಾರಿತ್ತು. ಉರುಳೆಗೆ ಅಂಟಿದ್ದ ಒಂದು ಮರಳಿನ ಕಣ, ಉರುಳೆ ಸುತ್ತಿದಂತೆಲ್ಲ ಒಂದೊಂದು ಚುಕ್ಕೆ ಒತ್ತಿ, ಆಕಾಶದ ತುದಿಯಿಂದ ಅವರ ಹೆಗಲವರೆಗೆ ಸಮನಾದ ಅಂತರದಲ್ಲಿ ಸಾಲು ಬಿಡಿಸಿತ್ತು. ನಾನು ಪೆಚ್ಚಾದೆ. ಅವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, "ಮಳೆ ಶುರುವಾಯಿತಲ್ಲ ಮಾರಾಯರೇ!" ಎಂದರು.

ಮುಂದಿನ ವಾರ ಉರುಳೆ ಒರೆಸಿ, ಹಾಳೆಗಳನ್ನು ತಣ್ಣಗಿಟ್ಟು, ಅದೇ ಜಾಗದಲ್ಲಿ ಮತ್ತೆ ಮೂರು ಚಿತ್ರ ತೆಗೆದೆ. ಮೂರೂ ಚೊಕ್ಕವಾಗಿ ಬಂದವು. ಕ್ಯಾಲೆಂಡರಿನಲ್ಲಿ ಅಚ್ಚು ಹಾಕಬಹುದು, ಅಷ್ಟೇ.

ಆ ಮೊದಲನೆಯದು ನನ್ನ ಬಳಿ ಇಲ್ಲ. ಇದಕ್ಕೆ ನೆಗೆಟಿವ್ ಇಟ್ಟುಕೊಳ್ಳುವ ಕ್ರಮವಿಲ್ಲ, ಎರಡನೆಯ ಪ್ರತಿಯೂ ಇಲ್ಲ. ಕೇಳುವ ಮೊದಲೇ ಅವರು ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡಿದ್ದರು.