ಮೇಣದಲ್ಲಿ ಮೂಡಿದ ದೇಹ

ಕೇಳುಗರಿಗೆ ನಮಸ್ಕಾರ. ದೇಹದ ರಚನೆಯನ್ನು ಕಲಿಸಲು ಮಾಡುತ್ತಿದ್ದ ಮೇಣದ ಮಾದರಿಗಳ ಬಗ್ಗೆ ಇವತ್ತಿನ ಮಾತು.

ಶವ ಯಾರಿಗೂ ಕಾಯುವುದಿಲ್ಲ. ಅದನ್ನು ಕೆಡದಂತೆ ಇಡಲು ಫಾರ್ಮಲಿನ್ ಎಂಬ ರಾಸಾಯನಿಕ ದ್ರಾವಣ ಬಳಕೆಗೆ ಬಂದದ್ದೇ 1890ರ ದಶಕದಲ್ಲಿ. ಅಲ್ಲಿಯವರೆಗೆ ಸೂಕ್ಷ್ಮವಾದ ಒಂದು ನರವನ್ನು ಬಿಡಿಸಿ ತೋರಿಸುವಷ್ಟರಲ್ಲಿ ಪಕ್ಕದ ಸ್ನಾಯು ಬಣ್ಣಗೆಟ್ಟು ನಾರತೊಡಗುತ್ತಿತ್ತು. ಈ ತೊಡಕಿಗೆ ಇಟಲಿಯವರು ಹಿಡಿದ ದಾರಿ ಜೇನುಮೇಣ. ಬೊಲೋನ್ಯಾದಲ್ಲಿ ಅನ್ನಾ ಮೊರಾಂಡಿ ತಾವೇ ಶವಛೇದನ ಮಾಡಿ ಮೇಣದ ಮಾದರಿಗಳನ್ನು ರೂಪಿಸಿದರು. ಫ್ಲಾರೆನ್ಸಿನಲ್ಲಿ 1775ರಲ್ಲಿ ತೆರೆದ ಲಾ ಸ್ಪೆಕೊಲಾ ಸಂಗ್ರಹಾಲಯಕ್ಕೆ ಫೆಲಿಚೆ ಫೊಂಟಾನಾ ಮೇಲುಸ್ತುವಾರಿ, ಕ್ಲೆಮೆಂಟೆ ಸುಸಿನಿ ಶಿಲ್ಪಿ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಮಾದರಿಗಳು ವಿಯೆನ್ನಾದ ಸೇನಾ ವೈದ್ಯಶಾಲೆಗೆ ಹೋದವು.

ಒಂದು ಮೂತ್ರಪಿಂಡ ಮಾಡಬೇಕೆಂದುಕೊಳ್ಳಿ. ಮೊದಲು ನಿಜವಾದ ಅಂಗದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಅಚ್ಚು ತೆಗೆಯಬೇಕು. ರಕ್ತನಾಳಗಳು ಒಳಹೋಗುವ ತಗ್ಗು ಇದೆಯಲ್ಲ, ಅಲ್ಲಿ ಒಂದೇ ತುಂಡಿನ ಅಚ್ಚು ಬಿಡಿಸಲು ಬರುವುದಿಲ್ಲ. ಎರಡು ಮೂರು ತುಂಡು ಮಾಡಿ ಜೋಡಿಸಬೇಕು. ಒಣಗಿದ ಅಚ್ಚನ್ನು ಬೆಚ್ಚಗಿನ ನೀರಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಸಿದರೆ ಮೇಣ ಅಂಟುವುದಿಲ್ಲ. ಆದರೆ ಒರೆಸದೆ ಬಿಟ್ಟ ಒಂದೊಂದು ಹನಿಯೂ ಮಾದರಿಯ ಮೇಲೆ ಕುಳಿಯಾಗುತ್ತದೆ. ಅಚ್ಚು ತಣ್ಣಗಿದ್ದರೆ ಮೇಣ ಅಲ್ಲಲ್ಲೇ ಗಟ್ಟಿಯಾಗಿ ನೆರಿಗೆ ಬೀಳುತ್ತದೆ.

ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ. ಪಾತ್ರೆಯನ್ನು ಬಿಸಿನೀರಲ್ಲಿಟ್ಟೇ ಕರಗಿಸಬೇಕು. ನೇರ ಉರಿಗೆ ಇಟ್ಟರೆ ಮೇಣ ಕಂದುತ್ತದೆ, ಬೆಂಕಿಯೂ ಹತ್ತಬಹುದು. ಬರೀ ಮೇಣ ಚಳಿಗೆ ಬಿರುಕು ಬಿಡುತ್ತದೆಂದು ಸ್ವಲ್ಪ ರಾಳ, ಸ್ವಲ್ಪ ಕೊಬ್ಬು ಸೇರಿಸುತ್ತಿದ್ದರು. ಕೊಬ್ಬು ಹೆಚ್ಚಾದರೆ ಸೆಕೆಗೆ ಮಾದರಿ ಜೋಲುತ್ತದೆ, ವರ್ಷಗಳ ಮೇಲೆ ಬೂಷ್ಟಿನಂಥ ಬಿಳಿ ಪೊರೆಯೂ ಏಳುತ್ತದೆ.

ಕೈಚಳಕವಿರುವುದು ಪದರಗಳಲ್ಲಿ. ಅಚ್ಚಿಗೆ ತಾಗುವ ಮೊದಲ ಪದರ ತೀರ ತೆಳು, ತಿಳಿಬಣ್ಣ. ಹಿಂದಿನ ಪದರಗಳಿಗೆ ಗಾಢ ಬಣ್ಣ. ಬೆಳಕು ಒಳಗೆ ಇಳಿದು ಹಿಂದಿರುಗುವುದರಿಂದಲೇ ಅದು ಹಸಿಮಾಂಸದಂತೆ ಕಾಣುವುದು. ಮೇಲೆ ಬರೀ ಬಣ್ಣ ಬಳಿದರೆ ಗೊಂಬೆಯಾಗುತ್ತದೆ, ಅಷ್ಟೇ. ಒಳಭಾಗ ಟೊಳ್ಳಾಗಿರಬೇಕು. ಆರುವಾಗ ಮೇಣ ಕುಗ್ಗುತ್ತದೆ. ಇಡಿಯಾಗಿ ಸುರಿದರೆ ನಡುವೆ ಕುಸಿದು ಸೀಳುತ್ತದೆ.

ಇನ್ನು ರಕ್ತನಾಳ. ರೇಷ್ಮೆದಾರವನ್ನು ಕರಗಿದ ಮೇಣದಲ್ಲಿ ಅದ್ದಿ ಎಳೆಯಬೇಕು. ಪ್ರತಿ ಸಲಕ್ಕೂ ಕೂದಲಷ್ಟು ದಪ್ಪವಾಗುತ್ತದೆ. ಕವಲನ್ನು ಬೆಚ್ಚಗಿನ ಸೂಜಿಯಿಂದ ಬೆಸೆಯಬೇಕು. ಸೂಜಿ ತುಸು ಹೆಚ್ಚು ಕಾದರೂ ಸಾಕು, ಕವಲಿನ ತುದಿ ಕರಗಿ ಮಣಿಯಾಗಿ ಕೂರುತ್ತದೆ. ಆ ಎಳೆಯನ್ನು ಮತ್ತೆ ಮೊದಲಿಂದ ಮಾಡಬೇಕು.

ಪಾಠ ಹೇಳುವವರು ಒಂದು ಮಾತು ಮರೆಯಬಾರದು. ಅಭಿಧಮನಿಗೆ ಹಚ್ಚಿದ ನೀಲಿ ಗುರುತಿಗಾಗಿ ಮಾತ್ರ. ದೇಹದೊಳಗೆ ಅಂಥ ನೀಲಿ ಇಲ್ಲ. ಒಂದೇ ಅಚ್ಚಿನಿಂದ ನೂರು ಮೂತ್ರಪಿಂಡ ಬಂದರೂ ನಾಳ ಕವಲೊಡೆಯುವ ರೀತಿ ನೂರರಲ್ಲೂ ಒಂದೇ. ಮನುಷ್ಯರಲ್ಲಿ ಹಾಗಲ್ಲ. ಕೆಲವರಿಗೆ ಒಂದೇ ಮೂತ್ರಪಿಂಡಕ್ಕೆ ಎರಡು ಅಪಧಮನಿಗಳಿರುತ್ತವೆ. ಅಂಗದ ತೂಕ, ಮೆದುತನ ಕೂಡ ಮೇಣದಲ್ಲಿ ಸಿಗುವುದಿಲ್ಲ. ಹಾಗಾಗಿ ಮಾದರಿಯ ಪಕ್ಕದಲ್ಲಿ ನಿಜವಾದ ಅಂಗವೂ ಇರಲಿ.

ಹಳೆಯ ಮಾದರಿಗಳಿಗೆ ಬಿಸಿಲು ಬೀಳಬಾರದು. ಧೂಳನ್ನು ಬಟ್ಟೆಯಿಂದ ಉಜ್ಜಿದರೆ ಅದು ಮೇಣದೊಳಕ್ಕೇ ಇಳಿಯುತ್ತದೆ; ಮೆತ್ತನೆ ಕುಂಚವೇ ಸರಿ.

ಚರ್ಮರೋಗದ ಮಾದರಿಗೆ ಬೇರೆಯದೇ ಕ್ರಮ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ 19ನೇ ಶತಮಾನದಲ್ಲಿ ಜೂಲ್ ಬರೆತಾ ರೋಗಿಯ ಮೈಮೇಲೇ ಅಚ್ಚು ತೆಗೆದು ಮೇಣ ಎರೆಯುತ್ತಿದ್ದರು. ಪ್ಲಾಸ್ಟರಿನ ಭಾರಕ್ಕೆ ಮೆದುವಾದ ಗುಳ್ಳೆಗಳು ಚಪ್ಪಟೆಯಾಗುತ್ತವೆ. ಅವನ್ನು ಕೈಯಿಂದ ತಿದ್ದಬೇಕು. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಯಿತು. ಆಮೇಲೆ ಓದಿದ ವೈದ್ಯರು ಅದರ ಗುಳ್ಳೆಯನ್ನು ರೋಗಿಯ ಮೈಮೇಲೆ ಕಂಡವರಲ್ಲ. ಅದರ ಉಬ್ಬು, ನಡುವಿನ ತಗ್ಗು, ಸುತ್ತಲಿನ ಕೆಂಪು ಇವತ್ತಿಗೂ ಆಯಾ ಅಳತೆಯಲ್ಲೇ ನೋಡಸಿಗುವುದು ಇಂಥ ಮೇಣದ ಮಾದರಿಗಳಲ್ಲಿ.

ನಮಸ್ಕಾರ.