ಮೊದಲ ಮಾತಿಗೆ ಮುಂಚೆ

ಕ್ರಿಸ್ತನಲ್ಲಿ ಪ್ರಿಯರಾದ ಹಿರಿಯರೇ, ಸಹೋದರ ಸಹೋದರಿಯರೇ, ಎಲ್ಲರಿಗೂ ವಂದನೆಗಳು.

ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು. ಅದರ ಜೋಡಿ ಗೋಪುರಗಳ ಎತ್ತರ 175 ಅಡಿ. ಯಾವ ಧರ್ಮದವರೇ ಆಗಲಿ, ಒಳಗೆ ಕಾಲಿಟ್ಟ ಕೂಡಲೇ ದನಿ ತಗ್ಗಿಸುತ್ತಾರೆ. ಆದರೆ ಬೆಳಿಗ್ಗೆ ಐದೂವರೆಗೆ ಮಂಡ್ಯದ ಒಂದು ಮನೆಯಲ್ಲಿ, ಒಲೆಯ ಮೇಲೆ ಕುಕ್ಕರ್ ಕೂಗುತ್ತಿದೆ, ಬೆಂಗಳೂರಿನ ರೈಲಿಗೆ ಹೊತ್ತಾಗುತ್ತಿದೆ. ಅಲ್ಲಿ ಪ್ರಾರ್ಥನೆಗೆ ಕೂತವರಿಗೆ ಗೋಪುರವೂ ಇಲ್ಲ, ಬಣ್ಣದ ಗಾಜಿನ ಕಿಟಕಿಯೂ ಇಲ್ಲ. ಅಲ್ಲಿ ಭಯಭಕ್ತಿ ಎಲ್ಲಿಂದ ಬರಬೇಕು?

ಪ್ರಾರ್ಥನೆ ಸಾಮಾನ್ಯವಾಗಿ ಕೆಡುವುದು ಮಧ್ಯದಲ್ಲಲ್ಲ, ಮೊದಲ ಮಾತಿಗೆ ಮುಂಚೆ. ಯಾರ ಮುಂದೆ ಇದ್ದೇನೆ ಎಂದು ನೆನೆಯದೆ ಬಾಯಿ ತೆರೆದರೆ ಬರುವುದು ಒಂದೋ ಅಭ್ಯಾಸದ ಮಾತು, ಇಲ್ಲವೇ ಪಕ್ಕದವರು ಕೇಳಲಿ ಎಂಬ ಮಾತು. ನೆನೆದು ತೆರೆದರೆ, ಇಲ್ಲದ್ದನ್ನು ಹೇಳಲು ನಾಲಿಗೆ ಹಿಂಜರಿಯುತ್ತದೆ. ಭಯಭಕ್ತಿ ಒಂದು ಪಾಠ, ಯಥಾರ್ಥತೆ ಇನ್ನೊಂದು ಪಾಠ ಎಂದು ಬೇರೆ ಬೇರೆಯಾಗಿ ಕಲಿಯಬೇಕಿಲ್ಲ. ಮೊದಲನೆಯದು ನಿಜವಾಗಿದ್ದರೆ ಎರಡನೆಯದು ಅದರ ಹಿಂದೆಯೇ ಬರುತ್ತದೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇಬ್ರಿಯರಿಗೆ ಬರೆದ ಪತ್ರಿಕೆ ಈ ವಿಷಯದಲ್ಲಿ ಬಹಳ ಸ್ಪಷ್ಟ. 4ನೇ ಅಧ್ಯಾಯದ 16ನೇ ವಚನ ಧೈರ್ಯದಿಂದ ಕೃಪಾಸನದ, ಅಂದರೆ ದೇವರ ಕೃಪೆಯ ಸಿಂಹಾಸನದ, ಮುಂದೆ ಬನ್ನಿ ಎನ್ನುತ್ತದೆ. ಅದೇ ಪತ್ರಿಕೆಯ 12ನೇ ಅಧ್ಯಾಯದ ಕೊನೆಗೆ ಬಂದರೆ, ಭಯಭಕ್ತಿಯಿಂದ ಆರಾಧಿಸಿ, ನಮ್ಮ ದೇವರು ದಹಿಸುವ ಅಗ್ನಿ ಎಂದಿದೆ. ಒಂದನ್ನು ಹಿಡಿದು ಒಂದನ್ನು ಬಿಡುವವರೇ ಹೆಚ್ಚು. ಧೈರ್ಯವನ್ನು ಮಾತ್ರ ಹಿಡಿದವರ ಪ್ರಾರ್ಥನೆ ದೇವರಿಗೆ ಆಜ್ಞೆ ಕೊಡುವಂತಾಗುತ್ತದೆ. ಭಯವನ್ನು ಮಾತ್ರ ಹಿಡಿದವರು ಹತ್ತಿರ ಬರುವುದೇ ಇಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗುವವರು ಸಾಹೇಬರ ಮುಖ ಇವತ್ತು ಹೇಗಿದೆ ಎಂದು ಹೊರಗೆ ನಿಂತವರನ್ನು ಕೇಳಿ ಒಳಗೆ ಹೋಗುತ್ತಾರೆ. ಕೃಪಾಸನದ ಮುಂದೆ ಆ ಅಂಜಿಕೆ ಬೇಕಿಲ್ಲ. ಆತನ ಮನಸ್ಸು ಹೇಗಿದೆ ಎಂಬುದು ಯೇಸುವಿನಲ್ಲಿ ನಮಗೆ ಆಗಲೇ ಗೊತ್ತಾಗಿದೆ. ನಾವು ಹೆದರಬೇಕಾದದ್ದು ಆತನ ಮುಂದೆ ಸುಳ್ಳಾಡುವುದಕ್ಕೆ.

ಈಗ ಮಾಡುವ ಬಗೆಗೆ ಬರೋಣ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟ ಒಂದು ಪದ್ಧತಿ ಇದೆ. ಯಾವ ಸಭೆಯವರಾದರೂ ಇದನ್ನು ಅನುಸರಿಸಬಹುದು. ಪ್ರಾರ್ಥನೆಗೆ ಕೂರುವ ಜಾಗಕ್ಕೆ ಒಂದೆರಡು ಹೆಜ್ಜೆ ಹಿಂದೆಯೇ ನಿಲ್ಲಬೇಕು. ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಒಮ್ಮೆ ಹೇಳುವಷ್ಟು ಹೊತ್ತು, ಏನನ್ನೂ ಕೇಳದೆ, ದೇವರು ನನ್ನನ್ನು ನೋಡುತ್ತಿದ್ದಾನೆ ಎಂದು ನೆನೆಯಬೇಕು. ಆಮೇಲೆ ತಲೆಬಾಗಿ ಮುಂದೆ ಹೋಗಬೇಕು. ಅಷ್ಟೇ. ಅರ್ಧ ನಿಮಿಷದ ಕೆಲಸ ಎನ್ನಿಸುತ್ತದೆ. ಆದರೆ ಹಾಸಿಗೆಯಿಂದ ಎದ್ದ ಅವಸರವೋ, ರಾತ್ರಿ ಉಳಿದ ಜಗಳವೋ ಆ ಎರಡು ಹೆಜ್ಜೆಯ ಆಚೆಯೇ ನಿಲ್ಲುವುದು ಈ ಅರ್ಧ ನಿಮಿಷದಿಂದ. ಉರಿಯುವ ಪೊದೆಯ ಹತ್ತಿರ ಮೋಶೆಗೆ ದೇವರು ಮೊದಲು ಹೇಳಿದ್ದು ಕೆರ ಬಿಚ್ಚು ಎಂದು. ಕೆಲಸ ಒಪ್ಪಿಸಿದ್ದು ಆಮೇಲೆ. ನಮ್ಮ ಕಡೆ ಅನೇಕ ಹಳ್ಳಿಯ ಚರ್ಚುಗಳಲ್ಲಿ ಇಂದಿಗೂ ಚಪ್ಪಲಿ ಬಾಗಿಲ ಹೊರಗೇ ಇರುತ್ತವೆ. ಮನೆಯಲ್ಲೂ ಹೀಗೆ ದೇಹಕ್ಕೆ ಒಂದು ಗುರುತು ಬೇಕು: ಸೆರಗು ಹೊದೆಯುವುದು, ಕೈಕಾಲು ತೊಳೆಯುವುದು, ದಿನವೂ ಅದೇ ಚಾಪೆ ಹಾಸುವುದು. ಮನಸ್ಸು ದೇಹದ ಹಿಂದೆ ಬರುತ್ತದೆ, ಸ್ವಲ್ಪ ತಡವಾಗಿಯಾದರೂ.

ಮಂಡಿಯೂರಬೇಕೇ ಎಂದು ಅನೇಕರು ಕೇಳುತ್ತಾರೆ. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರಿದ. ದಾವೀದನು ಯೆಹೋವನ ಸನ್ನಿಧಿಯಲ್ಲಿ ಕೂತು ಪ್ರಾರ್ಥಿಸಿದ. ಯೇಸು ಹೇಳಿದ ಕಥೆಯ ಸುಂಕದವನು, ಜನ ಪಾಪಿ ಎಂದು ಕಡೆಗಣಿಸುತ್ತಿದ್ದ ತೆರಿಗೆ ವಸೂಲಿಗಾರ, ದೂರದಲ್ಲಿ ನಿಂತ. ಶಿಲುಬೆಗೆ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಯೇಸು ಬೋರಲು ಬಿದ್ದ. 325ರಲ್ಲಿ ನಿಸೀಯದಲ್ಲಿ ಸೇರಿದ ಬಿಷಪರ ಸಭಾಸಮ್ಮೇಳನವಂತೂ ಭಾನುವಾರಗಳಲ್ಲಿ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ನಿಯಮ ಮಾಡಿತು, ಅದು ಪುನರುತ್ಥಾನದ ದಿನವಾದ್ದರಿಂದ. ಹೀಗಿರುವಾಗ ಮಂಡಿನೋವಿರುವ ಅಜ್ಜಿ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರೆ ಭಕ್ತಿಗೆ ಯಾವ ಕೊರತೆಯೂ ಇಲ್ಲ. ಮಲಗಿದಲ್ಲೇ ಬೆಳಗಿನ ಪ್ರಾರ್ಥನೆ ಮಾಡುತ್ತೇನೆಂಬ ಗಟ್ಟಿಮುಟ್ಟಾದ ಯುವಕರಿಗೆ ಮಾತ್ರ, ದಯವಿಟ್ಟು ಏಳಿ ಎಂದು ಹೇಳುತ್ತೇನೆ. ಅರ್ಧ ನಿದ್ದೆಯಲ್ಲಿ ಎರಡನೇ ವಾಕ್ಯಕ್ಕೇ ಮನಸ್ಸು ಜಾರುತ್ತದೆ.

ಹದಿನೈದು ನಿಮಿಷ ಸಿಕ್ಕರೆ ಹೀಗೆ ಹಂಚಿಕೊಳ್ಳಬಹುದು. ಒಂದು ನಿಮಿಷ ಈಗ ಹೇಳಿದ ನಿಲುಗಡೆ. ಮೂರು ನಾಲ್ಕು ನಿಮಿಷ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ದೊಡ್ಡದಾದರೆ ಹತ್ತು ವಚನ ಸಾಕು, ತುಟಿ ಆಡಿಸಿ ಓದಿ. ಪುಸ್ತಕದಲ್ಲೇ ಓದಿ. ಮೊಬೈಲಿನಲ್ಲಿ ಸತ್ಯವೇದ ತೆರೆದವರ ಕಣ್ಣು ಮೇಲೆ ಬಂದಿಳಿಯುವ ಸಂದೇಶದ ಕಡೆಗೆ ಹೋಗಿಯೇ ಹೋಗುತ್ತದೆ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಆಮೇಲೆ ಏಳೆಂಟು ನಿಮಿಷ ನಿಮ್ಮ ಸ್ವಂತ ಮಾತು. ಕೊನೆಯಲ್ಲಿ ಎರಡು ನಿಮಿಷ ಕರ್ತನ ಪ್ರಾರ್ಥನೆ. ಹೌದು, ಎರಡು ನಿಮಿಷ. ಸಭೆಯಲ್ಲಿ ನಾವು ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಒಬ್ಬರೇ ಇರುವಾಗ ಪ್ರತಿ ವಾಕ್ಯದ ಬಳಿಕ ಒಂದು ಉಸಿರು ಎಳೆದು ಬಿಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಮತ್ತಾಯನ ಸುವಾರ್ತೆಯಲ್ಲಿ ಅದರ ಬೇಡಿಕೆಗಳು ಏಳು. ಮೊದಲ ಮೂರು ಆತನ ನಾಮ, ಆತನ ರಾಜ್ಯ, ಆತನ ಚಿತ್ತ. ಅನುದಿನದ ಆಹಾರ ನಾಲ್ಕನೆಯದು. ನಮ್ಮ ಸ್ವಂತ ಪ್ರಾರ್ಥನೆಯಲ್ಲಿ ಈ ಕ್ರಮ ತಿರುಗುಮುರುಗಾಗಿರುತ್ತದೆ: ಮಗಳ ಮದುವೆ, ಮನೆ ಸಾಲ, ಮೊಣಕಾಲು ನೋವು, ಕೊನೆಯಲ್ಲಿ ನೆನಪಾದರೆ ಸ್ತೋತ್ರ. ಹೊಟ್ಟೆಪಾಡು ಕೇಳಬಾರದೆಂದಲ್ಲ, ಕೇಳಿರೆಂದು ಆತನೇ ಕಲಿಸಿದ್ದಾನೆ. ಮೊದಲ ಮೂರನ್ನು ಮನಸ್ಸಿಟ್ಟು ಹೇಳಿ ಬಂದವರು ನಾಲ್ಕನೆಯದನ್ನು ಕೇಳುವ ದನಿಯೇ ಬೇರೆಯಾಗಿರುತ್ತದೆ.

ಸ್ವಂತ ಮಾತಿನ ಆ ಏಳೆಂಟು ನಿಮಿಷದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಥಾರ್ಥತೆ ಪರೀಕ್ಷೆಗೆ ಬರುವುದು ಅಲ್ಲೇ. ಲೂಕ 18ರಲ್ಲಿ ಯೇಸು ಹೇಳಿದ ಅದೇ ಕಥೆಯ ಫರಿಸಾಯನನ್ನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನನ್ನು, ನೋಡಿ. ಅವನು ಸುಳ್ಳು ಹೇಳಿದ ಎಂದು ಯೇಸು ಎಲ್ಲೂ ಹೇಳುವುದಿಲ್ಲ. ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತರಲ್ಲಿ ಒಂದು ಪಾಲು. ಅವನು ಅದನ್ನು ನಿಜವಾಗಿಯೇ ಮಾಡುತ್ತಿದ್ದಿರಬೇಕು. ಕೆಟ್ಟದ್ದು ಅವನ ಕಣ್ಣು ಹೋದ ದಿಕ್ಕು. ದೇವರೇ ಎಂದು ಶುರುಮಾಡಿ ಪಕ್ಕಕ್ಕೆ ತಿರುಗಿ ಸುಂಕದವನನ್ನು ನೋಡಿದ. ಸುಂಕದವನ ಪ್ರಾರ್ಥನೆ ನಮ್ಮ ಕನ್ನಡದಲ್ಲಿ ನಾಲ್ಕೇ ಪದ: ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ಅದರಲ್ಲಿ ದೇವರಿದ್ದಾನೆ, ತಾನಿದ್ದಾನೆ, ಮೂರನೆಯವರು ಯಾರೂ ಇಲ್ಲ.

ಹಾಗಾಗಿ ಪಾಪವನ್ನು ಅರಿಕೆ ಮಾಡುವಾಗ ಸಗಟಾಗಿ ಮಾಡಬೇಡಿ. ಮಾತಿನಲ್ಲಿ, ನಡೆಯಲ್ಲಿ, ಯೋಚನೆಯಲ್ಲಿ ತಪ್ಪಿದ್ದರೆ ಕ್ಷಮಿಸು ಎಂಬುದು ಯಾರಿಗೂ ನಾಚಿಕೆ ತರದ ಪ್ರಾರ್ಥನೆ. ನಿನ್ನೆ ನಾಲೆ ನೀರಿನ ಸರದಿಯಲ್ಲಿ ಪಕ್ಕದ ಗದ್ದೆಯವನಿಗೆ ಸೇರಬೇಕಾದ ಒಂದು ಗಂಟೆ ನಾನು ತಿರುಗಿಸಿಕೊಂಡೆ ಎನ್ನಿ. ಸಂಘದ ಲೆಕ್ಕದಲ್ಲಿ ಇನ್ನೂರು ರೂಪಾಯಿ ಬರೆಯದೆ ಬಿಟ್ಟೆ ಎನ್ನಿ. ಹೀಗೆ ಹೆಸರಿಟ್ಟು ಹೇಳಿದರೆ ಮುಂದೆ ಏನು ಮಾಡಬೇಕೆಂಬುದೂ ಗೊತ್ತಾಗುತ್ತದೆ: ನೀರು ಬಿಡಬೇಕು, ಲೆಕ್ಕ ತಿದ್ದಬೇಕು. ಮತ್ತಾಯ 5ರಲ್ಲಿ ಯೇಸು, ಸಹೋದರನಿಗೆ ನಿನ್ನ ಮೇಲೆ ಏನೋ ವಿರೋಧವಿದೆ ಎಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಒಂದಾಗು ಎಂದ. 1 ಪೇತ್ರ 3:7 ಇನ್ನೂ ಖಡಾಖಂಡಿತ: ಗಂಡ ಹೆಂಡತಿಗೆ ಮಾನ ಸಲ್ಲಿಸದಿದ್ದರೆ ಪ್ರಾರ್ಥನೆಗೇ ಅಡ್ಡಿ. ಜಮೀನು ಪಾಲಾಗುವಾಗ ಮಾತುಬಿಟ್ಟ ಅಣ್ಣತಮ್ಮಂದಿರು ನಮ್ಮ ಸಭೆಗಳಲ್ಲಿ ಒಂದೇ ಸಾಲಿನ ಎರಡು ತುದಿಯಲ್ಲಿ ಕೂರುತ್ತಾರೆ. ನನ್ನ ಪ್ರಾರ್ಥನೆ ಏಕೆ ಒಣಗಿದೆ ಎಂದು ಅವರು ಕೇಳಿದರೆ ನಾನು ಹೊಸ ವಿಧಾನ ಹೇಳಿಕೊಡಲಾರೆ. ಆ ಮನೆಯ ಬಾಗಿಲು ತಟ್ಟಿ ಎಂದೇ ಹೇಳಬೇಕಾಗುತ್ತದೆ.

ದುಃಖದಲ್ಲೂ ಇದೇ ನಿಯಮ. ಮಕ್ಕಳಿಲ್ಲದ ಹನ್ನಳು ಶೀಲೋವಿನ ಆಲಯದಲ್ಲಿ ತುಟಿ ಮಾತ್ರ ಆಡಿಸಿ ಅತ್ತಳು. ಯಾಜಕ ಏಲಿಯು ಅವಳು ಕುಡಿದಿದ್ದಾಳೆಂದುಕೊಂಡ. ನೋಡುವವರಿಗೆ ಭಕ್ತಿಯಂತೆ ಕಾಣದ್ದು ದೇವರಿಗೆ ಮುಟ್ಟಿತು. 88ನೇ ಕೀರ್ತನೆಯನ್ನು ಕೊನೆಯವರೆಗೆ ಓದಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಮಾತೂ ಇಲ್ಲ. ಆದರೂ ಅದು ಸತ್ಯವೇದದಲ್ಲಿದೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳ ಹತ್ತಿರ ಕೂತು, ಎಲ್ಲಕ್ಕೂ ಸ್ತೋತ್ರ ಹೇಳಮ್ಮ ಎಂದು ಒತ್ತಾಯಿಸುವವರು ದಯವಿಟ್ಟು ಆ ಕೀರ್ತನೆಯನ್ನು ನೆನಪಿಡಿ. ಏಕೆ ಹೀಗೆ ಮಾಡಿದೆ ಎಂದು ದೇವರನ್ನೇ ಕೇಳುವವಳು ದೇವರಿಗೆ ಬೆನ್ನು ಹಾಕಿಲ್ಲ, ಮುಖಾಮುಖಿ ನಿಂತಿದ್ದಾಳೆ.

ಕೂಟದ ಪ್ರಾರ್ಥನೆಯಲ್ಲಿ ಕೆಡುವ ಬಗೆ ಬೇರೆ. ಮನೆಮನೆಯ ಪ್ರಾರ್ಥನಾ ಕೂಟದಲ್ಲಿ ಕಣ್ಣುಮುಚ್ಚಿದ ಕೂಡಲೇ ಕೆಲವರ ದನಿ ಬದಲಾಗುತ್ತದೆ, ಭಾಷೆ ಗ್ರಾಂಥಿಕವಾಗುತ್ತದೆ, ಎರಡು ಪದಕ್ಕೊಮ್ಮೆ ಕರ್ತನೇ ಕರ್ತನೇ ಎಂದು ಬರುತ್ತದೆ. ಒಂದೇ ಮಾತನ್ನು ಮತ್ತೆ ಹೇಳುವುದೇ ತಪ್ಪೆಂದಲ್ಲ; ಗೆತ್ಸೇಮನೆಯಲ್ಲಿ ಯೇಸು ಮೂರು ಸಾರಿ ಅದೇ ಮಾತಿನಿಂದ ಪ್ರಾರ್ಥಿಸಿದ. ಆ ಮಾತಿನ ಹಿಂದೆ ಬೆವರಿತ್ತು. ಮುಂದಿನ ವಾಕ್ಯ ಹೊಳೆಯುವವರೆಗೆ ಜಾಗ ತುಂಬಿಸಲು ಆತನ ಹೆಸರನ್ನು ಬಳಸುವುದು ಬೇರೆ. ಹೊಳೆಯದಿದ್ದರೆ ಸುಮ್ಮನಿರಿ, ಐದು ಸೆಕೆಂಡಿನ ಮೌನದಿಂದ ಯಾರಿಗೂ ನಷ್ಟವಿಲ್ಲ. ಇದಕ್ಕಿಂತ ಕೆಟ್ಟದ್ದು ಪ್ರಾರ್ಥನೆಯ ಹೆಸರಲ್ಲಿ ಪಕ್ಕದವರಿಗೆ ಬುದ್ಧಿ ಹೇಳುವುದು, ಮತ್ತೊಬ್ಬರ ಮನೆಯ ಗುಟ್ಟನ್ನು ದೇವರಿಗೆ ತಿಳಿಸುವಂತೆ ಕೂಟಕ್ಕೆಲ್ಲ ತಿಳಿಸುವುದು. ನಡೆಸುವವರು ಮೊದಲೇ ಹೇಳಿಬಿಡಲಿ: ಒಬ್ಬರಿಗೆ ಒಂದು ವಿಷಯ, ಎರಡು ನಿಮಿಷ, ಮನೆಯಲ್ಲಿ ಮಾತಾಡುವ ದನಿ, ಅನುಮತಿ ಇಲ್ಲದೆ ಯಾರ ಹೆಸರೂ ಬೇಡ.

ಹರಕೆಯ ಮಾತನ್ನೂ ಬಿಡುವಂತಿಲ್ಲ. ಕೆ.ಆರ್. ನಗರದ ಕಡೆಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಬೆಸಿಲಿಕಕ್ಕೆ ಹರಕೆ ಹೊತ್ತು ಹೋಗುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಹನ್ನಳೂ ಹರಕೆ ಹೊತ್ತಳು, ತೀರಿಸಿದಳು. ಪ್ರಸಂಗಿ 5 ಹೇಳುವುದು, ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಲೇಸು ಎಂದು. ಇನ್ನೊಂದನ್ನು ಸೇರಿಸುತ್ತೇನೆ: ತೀರಿಸಬೇಕಾದವರು ನೀವೇ ಆಗಿರುವಂಥದ್ದನ್ನು ಮಾತ್ರ ಹೊರಿ. ಮಗನಿಗೆ ಕೆಲಸ ಸಿಕ್ಕರೆ ಅವನ ಮೊದಲ ಸಂಬಳ ಪೂರ್ತಿ ಕೊಡುತ್ತೇನೆ ಎಂದು ತಾಯಿ ಹೇಳಿದರೆ, ಆ ಹಣ ಅವಳದಲ್ಲ. ನ್ಯಾಯಸ್ಥಾಪಕರ ಪುಸ್ತಕದಲ್ಲಿ, ಯುದ್ಧ ಗೆದ್ದು ಬಂದರೆ ಮನೆಯಿಂದ ಮೊದಲು ಎದುರಿಗೆ ಬರುವುದನ್ನು ಅರ್ಪಿಸುತ್ತೇನೆ ಎಂದ ಯೆಫ್ತಾಹನ ಹರಕೆಯ ಬೆಲೆ ತೆತ್ತವಳು ಅವನ ಮಗಳು.

ಮನಸ್ಸು ಅಲೆಯುವುದು ಎಲ್ಲರಿಗೂ ಇದೆ. ಅದರೊಂದಿಗೆ ಕುಸ್ತಿಗೆ ನಿಂತರೆ ಉಳಿದ ಹೊತ್ತೂ ಹೋಗುತ್ತದೆ. ಎಲ್ಲಿಗೆ ಹೋಯಿತೋ ನೋಡಿ. ಆಸ್ಪತ್ರೆಯ ಬಿಲ್ಲಿಗೆ ಹೋಗಿದ್ದರೆ ಅದನ್ನೇ ಒಂದು ವಾಕ್ಯದಲ್ಲಿ ದೇವರಿಗೆ ಹೇಳಿ, ಓದುತ್ತಿದ್ದ ವಚನಕ್ಕೆ ಹಿಂತಿರುಗಿ. ಹತ್ತು ಸಾರಿ ಹೋದರೆ ಹತ್ತು ಸಾರಿ. ವಾರಗಟ್ಟಲೆ ಏನೂ ಅನ್ನಿಸದೆ ಇರುವುದೂ ಉಂಟು. ಆಗ ಹೊತ್ತನ್ನು ಹೆಚ್ಚಿಸಲೂ ಬೇಡಿ, ಕಡಿಮೆ ಮಾಡಲೂ ಬೇಡಿ. ಇರದ ಉತ್ಸಾಹವನ್ನು ದನಿ ಏರಿಸಿ ತೋರಿಸಬೇಡಿ. ಇವತ್ತು ನನ್ನ ಹೃದಯ ಬರಿದು ಎಂದೇ ಹೇಳಿ. ಯಾವ ಮಾತಿನಿಂದ ಪ್ರಾರ್ಥಿಸಬೇಕೆಂದು ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮ 8:26 ಹೇಳುತ್ತದೆ.

ಇಲ್ಲಿ ಅನೇಕರು ಆಸ್ಪತ್ರೆಗಳಿಗೆ ಭೇಟಿ ಕೊಡುವವರಿದ್ದೀರಿ. ಅಲ್ಲಿಯೂ ಮೊದಲ ನಿಲುಗಡೆಯನ್ನು ವಾರ್ಡಿನ ಬಾಗಿಲಲ್ಲೇ ಮಾಡಿ. ಪ್ರಾರ್ಥನೆ ಮಾಡಲೇ ಎಂದು ರೋಗಿಯನ್ನು ಕೇಳಿ. ಬೇಡವೆಂದರೆ ಬೇಸರಿಸದೆ ಕೂತು ಮಾತಾಡಿಸಿ ಬನ್ನಿ. ಬೇಕೆಂದರೆ ಏನಕ್ಕಾಗಿ ಎಂದೂ ಕೇಳಿ. ಗುಣವಾಗಲಿ ಎಂದೇ ಹೇಳುತ್ತಾರೆಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಮನೆಯಲ್ಲಿರುವ ಮಗುವಿನ ಚಿಂತೆಯೋ, ರಾತ್ರಿಯ ಭಯವೋ ದೊಡ್ಡದಾಗಿರುತ್ತದೆ. ಅವರ ಹೆಸರು ಹಿಡಿದು, ಅವರು ಹೇಳಿದ್ದನ್ನೇ ದೇವರಿಗೆ ಹೇಳಿ. ಪಕ್ಕದ ಮಂಚದವರಿಗೆ ತೊಂದರೆಯಾಗದ ದನಿ, ಎರಡು ನಿಮಿಷ. ನಾಳೆಯೇ ಎದ್ದು ಓಡಾಡುತ್ತೀರಿ ಎಂದು ದೇವರು ಕೊಡದ ಮಾತನ್ನು ಆತನ ಹೆಸರಲ್ಲಿ ಕೊಡಬೇಡಿ. ಗುಣಪಡಿಸು ಎಂದು ಬೇಡಿಕೊಳ್ಳಿ, ನಿನ್ನ ಚಿತ್ತ ಎಂದು ಒಪ್ಪಿಸಿ, ಆಮೆನ್ ಎಂದ ಮೇಲೆ ತಕ್ಷಣ ಎದ್ದು ಹೊರಡಬೇಡಿ. ಅವರಿಗೆ ಕುಡಿಯಲು ನೀರು ಬೇಕಿದ್ದರೆ ಕೊಟ್ಟು ಬನ್ನಿ.